ಇಷ್ಟ್ರಾಗ ಬರ್ರಿ, ಸಾವಕಾಶ ಬರ್ರಿ

ನಾನು ಅಜ್ಜಿಯಾಗಿದ್ದೇನೆ. ಮೊದಲು ಗಿಡದ ಸಂಗತಿ ಹೇಳಿ ಇದನ್ನು ಕಡೆಗೆ ಹೇಳೋಣ ಎಂದುಕೊಂಡು ಕೂತಿದ್ದೆ. ಬಾಯಿ ತಡೆಯಲಿಲ್ಲ. ಮೊಮ್ಮಗಳು ತೊಟ್ಟಿಲಲ್ಲಿ ಮಲಗಿದ್ದಾಳೆ, ಮುಷ್ಟಿ ಬಿಗಿ ಹಿಡಿದಿದ್ದಾಳೆ. ಇಷ್ಟು ಬರೆಯುವುದರೊಳಗೆ ಎದ್ದು ಹೋಗಿ ನೋಡಿ ಬಂದೆ. ಏನೂ ಆಗಿರಲಿಲ್ಲ, ಸುಮ್ಮನೆ ನೋಡಬೇಕೆನಿಸಿತು.

ನಾನು ಕಲಿತದ್ದು ಮೂರನೇ ಕ್ಲಾಸಿನ ತನಕ. ಅಕ್ಷರ ಕೂಡಿಸಿ ಬರೆಯುವಾಗ ಒತ್ತಕ್ಷರ ಎಲ್ಲಾದರೂ ಜಾರಿದ್ದರೆ ಓದುವವರು ತಿದ್ದಿಕೊಳ್ಳಬೇಕು. ಈ ಸಂತೋಷ ನನ್ನೊಬ್ಬಳಿಂದ ಹೊರಲಾಗದಷ್ಟು ಇದೆ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಊರು ಶಹಾಪುರದಿಂದ ಸುರಪುರಕ್ಕೆ ಹೋಗುವ ಕಡೆ, ಕಾಲುವೆಯ ಪಕ್ಕದಲ್ಲಿ. ಮಗಳನ್ನು ಸೈದಾಪುರಕ್ಕೆ ಕೊಟ್ಟಿದ್ದೇವೆ. ಅಳಿಯ ಕಡೇಚೂರಿನ ಒಂದು ಫ್ಯಾಕ್ಟರಿಯಲ್ಲಿ ದುಡಿಯುತ್ತಾನೆ, ಒಳ್ಳೆಯ ಹುಡುಗ. ಮಗಳಿಗೆ ಹಿಂದೆ ಎರಡು ಸಲ ಹೊಟ್ಟೆ ನಿಂತು, ತಿಂಗಳು ತುಂಬುವ ಮೊದಲೇ ಹೋಗಿತ್ತು. ಮೂರನೆಯ ಸಲ ನಿಂತಾಗ ನಾವು ಯಾರಿಗೂ ಜೋರಾಗಿ ಹೇಳಲಿಲ್ಲ. ಅಳಿಯನೇ ಕರೆತಂದು ನಮ್ಮ ಮನೆಯಲ್ಲಿ ಬಿಟ್ಟು, "ಅತ್ತೀ, ನೀವು ನೋಡ್ಕೊಂಡ್ರ ನನಗ ಧೈರ್ಯ" ಎಂದು ಹೋದ.

ನೋಡಿಕೊಳ್ಳುವುದಾದರೂ ಏನು? ಹುಡುಗಿ ಒಂದು ತುತ್ತು ಉಣ್ಣಲೊಲ್ಲಳು. ಒಗ್ಗರಣೆ ಚಟಪಟ ಅಂದರೆ ಸೆರಗು ಬಾಯಿಗೆ ಹೋಗುತ್ತಿತ್ತು. ರೊಟ್ಟಿ ಬಡಿಯುವ ಸಪ್ಪಳಕ್ಕೇ ಎದ್ದು ಹಿತ್ತಲಿಗೆ ಓಡುತ್ತಿದ್ದಳು. ಬಸುರಿಗೆ ಮಾಡುವ ಮೊದಲ ಶಾಸ್ತ್ರ ಕಳ್ಳ ಕುಬಸವನ್ನು ಊರಿಗೆ ಗೊತ್ತಾಗದ ಹಾಗೆ ಮನೆಯೊಳಗೇ ಮಾಡಿ, ಹೊಸ ಕುಬಸ ತೊಡಿಸಿ, ಹುಗ್ಗಿ ಬಡಿಸಿದರೆ ಅದನ್ನು ಮುಟ್ಟಿ ನಮಸ್ಕಾರ ಮಾಡಿದಳೇ ಹೊರತು ಬಾಯಿಗಿಡಲಿಲ್ಲ. ಶಹಾಪುರದ ಡಾಕ್ಟರಮ್ಮ ಮಗಳ ರಟ್ಟೆ ಹಿಡಿದು ನೋಡಿ ನನ್ನ ಕಡೆ ತಿರುಗಿದರು. "ತಾಯಿ ತಿಂದ್ರ ಕೂಸು ಬೆಳೀತದ್ರಿ. ಔಷಧಕ್ಕಿಂತ ಮೊದಲ ಏನಾರ ತಿನ್ನಸ್ರಿ. ಆಕಿಗೆ ಏನ ಸೇರ್ತದ, ಅದು."

ಏನು ಸೇರುತ್ತದೆ? ನಮ್ಮ ಕಡೆ ಬಸಿರು ಹೆಂಗಸನ್ನು ಎಲ್ಲರೂ ಕೇಳುವ ಮಾತು ಅದೇ: ಬಯಕಿ ಏನದ? ಬಯಕೆ ತೀರದಿದ್ದರೆ ಹುಟ್ಟಿದ ಕೂಸಿನ ಕಿವಿ ಸೋರುತ್ತದೆ. ಓಣಿಯಲ್ಲಿ ಯಾವ ಮಗುವಿನ ಕಿವಿ ಸೋರಿದರೂ ಹಿರಿಯ ಹೆಂಗಸರು ಮೊದಲು ಅದರ ತಾಯಿಯನ್ನೇ ವಿಚಾರಿಸುತ್ತಾರೆ. ಡಾಕ್ಟರಮ್ಮ ಇದನ್ನು ಕೇಳಿದರೆ ನಗುತ್ತಾರೆ, ನಗಲಿ. ಈ ಮಗಳು ಹೊಟ್ಟೆಯಲ್ಲಿದ್ದಾಗ ನನಗೆ ಸೀತಾಫಲ ತಿನ್ನಬೇಕೆನಿಸಿತ್ತು. ಅದು ಕಡು ಬೇಸಿಗೆ. ಸುರಪುರದ ಗುಡ್ಡಗಳಲ್ಲಿ ಸೀತಾಫಲ ಮಳೆ ಮುಗಿದ ಮೇಲೆ ಬರುವಂಥದ್ದು, ಎಲ್ಲಿಂದ ತರಬೇಕು? ಹಾಗೇ ಹಡೆದೆ. ಮಗಳ ಎಡಗಿವಿ ಅವಳು ಅಂಗನವಾಡಿಗೆ ಹೋಗುವ ತನಕ ಸೋರಿತು. ಹತ್ತಿ ಇಟ್ಟು ಇಟ್ಟು ಸಾಕಾಗಿತ್ತು ನನಗೆ.

ಹಾಗಾಗಿ ದಿನವೂ ಕೇಳಿದೆ. ಹುಣಸೆಹಣ್ಣೇ? ಮಾವಿನ ಉಪ್ಪಿನಕಾಯಿಯೇ? ಸುಟ್ಟ ಶೇಂಗಾ? ಎಲ್ಲಕ್ಕೂ ತಲೆ ಅಲ್ಲಾಡಿಸಿದವಳು ಒಂದು ದಿನ ಗೋಡೆ ಕಡೆ ಮುಖ ಮಾಡಿ ಮಲಗಿದಲ್ಲಿಂದಲೇ ಸಣ್ಣ ದನಿಯಲ್ಲಿ ಹೇಳಿದಳು.

"ಯವ್ವಾ, ಸ್ಟ್ರಾಬೆರಿ."

ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕುತ್ತಿದ್ದ ಅವಳ ಅಪ್ಪ, ನಮ್ಮ ಯಜಮಾನರು, ಬಾಗಿಲೊಳಗೆ ಕತ್ತು ಹಾಕಿದರು.

"ಇಷ್ಟ್ರಾಗ ಬರ್ರಿ? ಯಾರ್ನ ಕರಿಯಾಕತ್ತೀ ತಂಗಿ? ಬೀಗರನೇನು?"

ಇಷ್ಟ್ರಾಗ ಬರ್ರಿ ಎಂದರೆ ನಮ್ಮಲ್ಲಿ ತಡ ಮಾಡದೆ ಬನ್ನಿ, ಇನ್ನೇನು ಬಂದುಬಿಡಿ ಎಂದು. ಮಗಳು ಎಷ್ಟೋ ದಿನಗಳ ಮೇಲೆ ನಕ್ಕಳು. ನಕ್ಕು, ಅದು ಹಣ್ಣಿನ ಹೆಸರು ಎಂದಳು. ಹೋದ ವರ್ಷ ಚಳಿಗಾಲದಲ್ಲಿ ಗಂಡನ ಜೊತೆ ಪುಣೆ ಕಡೆಗೆ ರೈಲಿನಲ್ಲಿ ಹೋಗಿದ್ದಳಂತೆ. ಎದುರು ಕೂತ ಹೆಂಗಸು ಡಬ್ಬಿ ತೆಗೆದು ತನ್ನ ಮಕ್ಕಳಿಗೆ ಕೊಡುವಾಗ ಇವಳ ಕೈಗೂ ಒಂದು ಹಣ್ಣು ಇಟ್ಟಿದ್ದಳಂತೆ. ಕೆಂಪಗೆ, ಮೈತುಂಬ ಬೀಜ.

"ಬೀಜ ಹೊರಗ ಇರ್ತಾವಪ್ಪಾ."

"ಹಂಗಾರ ಅಂಗಿ ಉಲ್ಟಾ ಹಾಕ್ಕೊಂಡ ಹಣ್ಣು ಅದು," ಎಂದರು ಇವರು.

ಅಳಿಯನಿಗೆ ಫೋನು ಹೋಯಿತು. ಅವನು ಯಾದಗಿರಿ ನೋಡಿದ, ರಾಯಚೂರು ನೋಡಿದ. ದಸರೆ ಆಗಷ್ಟೇ ಮುಗಿದಿತ್ತು, ಅದು ಚಳಿ ಕೂತ ಮೇಲೆ ಬರುವ ಹಣ್ಣಂತೆ, ಯಾವ ಅಂಗಡಿಯಲ್ಲೂ ಇಲ್ಲ. ಪಾಪ, ಬರಿಗೈಯಲ್ಲಿ ಬರಬಾರದೆಂದು ಜಾಮಿನ ಬಾಟಲಿ ತಂದ. ಮಗಳು ಮುಚ್ಚಳ ತೆಗೆದು ಮೂಸಿ, "ಬಣ್ಣ ಅದ, ಹಣ್ಣ ಇಲ್ಲ" ಎಂದು ಮತ್ತೆ ಹಿತ್ತಲಿಗೆ ಓಡಿದಳು. ಹೊರಡುವಾಗ ಅವನೇ ಹೇಳಿದ್ದು, ಯಾದಗಿರಿಗೆ ಹೋಗುವ ರಸ್ತೆಯಲ್ಲಿ ಒಂದು ನರ್ಸರಿಗೆ ಆ ಗಿಡಗಳು ಬಂದಿವೆ, ಈಗ ಹಚ್ಚಿದರೆ ಚಳಿಗೆ ಹಣ್ಣಾಗುತ್ತದಂತೆ ಎಂದು.

ಮರುದಿನವೇ ನಾವಿಬ್ಬರೂ ಬಸ್ಸು ಹತ್ತಿದೆವು.

ನರ್ಸರಿಯಲ್ಲಿ ನನ್ನ ವಯಸ್ಸಿನ ಹೆಂಗಸೊಬ್ಬಳು ತಲೆಗೆ ಟವೆಲ್ ಸುತ್ತಿಕೊಂಡು ಪೈಪು ಹಿಡಿದು ನೀರು ಬಿಡುತ್ತಿದ್ದಳು. ಇವರು ಗೇಟಿನಿಂದಲೇ ಕೂಗಿದರು.

"ನಿಮ್ಮಲ್ಲಿ ಇಷ್ಟ್ರಾಗ ಬರ್ರಿ ಅದಾವೇನ್ರಿ?"

"ಬಂದ್ರಲ್ರಿ ಕಾಕಾ, ಇನ್ನ ಯಾರ ಬರಬೇಕು?"

ಗಿಡ ನೋಡುವ ಮೊದಲೇ ಅಲ್ಲಿ ನಗೆ ಎದ್ದಿತು. ಆಮೇಲೆ ಅವಳು ನಮ್ಮನ್ನು ಹಸಿರು ಬಲೆಯ ನೆರಳಿಗೆ ಕರೆದೊಯ್ದಳು. ಕರಿ ಪ್ಲಾಸ್ಟಿಕ್ಕಿನ ಚೀಲಗಳಲ್ಲಿ ಗೇಣಿಗಿಂತ ಗಿಡ್ಡನೆಯ ಗಿಡಗಳು, ಒಂದು ಕಡ್ಡಿಗೆ ಮೂರು ಎಲೆ, ಅಂಚಿಗೆ ಗರಗಸದ ಹಲ್ಲು. ಇಷ್ಟು ಸಣ್ಣದಕ್ಕೆ ಇಷ್ಟು ದೂರ ಬಂದೆವೇ ಎನಿಸಿತು. ಇವರ ಕಣ್ಣು ಮಾತ್ರ ಮೂಲೆಯಲ್ಲಿದ್ದ ಒಂದು ಗಿಡಕ್ಕೆ ಹೋಗಿತ್ತು. ಅದರಲ್ಲಿ ಹಣ್ಣು ತೂಗುತ್ತಿತ್ತು, ಒಂದು ಪೂರ್ತಿ ಕೆಂಪು.

"ಇಂಥಾವೇ ಕೊಡ್ರಿ. ಮಗಳು ಇವತ್ತ ತಿಂತಾಳ."

"ಅದು ಬ್ಯಾಡ," ಎಂದೆ ನಾನು.

"ಯಾಕ ಬ್ಯಾಡ? ಹಣ್ಣ ಬಿಟ್ಟದ್ದು ಕಣ್ಣಿಗೆ ಕಾಣವಲ್ದೇನು?"

"ಹಣ್ಣ ಕಾಣ್ತದ. ಗಿಡಾನೂ ಕಾಣ್ತದ. ಹಡದ ದಣದಂಗ ಅದ ಅದು. ಎಲಿ ಅಂಚು ನೋಡ್ರಿ, ಕೆಂಪಾಗ್ಯಾವ."

ಸಸಿ ಆರಿಸುವುದು ನನಗೆ ಗೊತ್ತು. ಮಡಿಯಿಂದ ಭತ್ತದ ಸಸಿ ಕೀಳುವಾಗ ಎತ್ತರ ಬೆಳೆದು ಬಾಗಿದ್ದನ್ನು ನಾವು ಎಂದೂ ಮೆಚ್ಚುವುದಿಲ್ಲ. ಗಿಡ್ಡ ಇರಬೇಕು, ಬುಡ ದಪ್ಪ ಇರಬೇಕು, ಒಳಗಿಂದ ಹೊಸ ಎಲೆ ನೂಕುತ್ತಿರಬೇಕು. ಇಲ್ಲೂ ಹಾಗೇ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಎತ್ತಿದೆ. ಎಲೆ ಮಗುಚಿ ಹುಳದ ಮೊಟ್ಟೆ ಇದೆಯೇ ನೋಡಿದೆ. ಚೀಲದ ತಳದ ತೂತಿನಲ್ಲಿ ಬೇರು ಬೆಳ್ಳಗಿದ್ದರೆ ಈ ಕಡೆ, ಕಂದಾಗಿದ್ದರೆ ಆ ಕಡೆ. ನಡುವೆ ಸುಳಿಯಲ್ಲಿ ಒಂದು ಹೊಸ ಎಲೆ ಮಡಚಿಕೊಂಡಿರುತ್ತದೆ, ಕೂಸಿನ ಮುಷ್ಟಿಯಂತೆ. ಅದು ಬಿಗಿಯಾಗಿದ್ದುದನ್ನು ಮಾತ್ರ ಇಟ್ಟುಕೊಂಡೆ.

"ಅಕ್ಕ ಆರಿಸಿದ್ದ ಖರೆ ಅದ ಕಾಕಾ," ಎಂದಳು ನರ್ಸರಿಯವಳು. "ಅಕ್ಕಾ, ಹಚ್ಚುವಾಗ ಸುಳಿ ಮ್ಯಾಲೇ ಇರ್ಲಿ, ನೋಡ್ರಿ."

"ನೆಲ್ಲು ಹಚ್ಚಿದ ಕೈ ತಂಗಿ ಇದು. ನನಗ ಹೇಳ್ತೀಯೇನು?"

ಇವರು ಸುಮ್ಮನಿರುವವರಲ್ಲ. ನಾನು ಆರಿಸಿದ ಗಿಡಗಳ ಜೊತೆ ಹಣ್ಣಿನ ಗಿಡವನ್ನೂ ಒಂದು ಹಿಡಿದುಕೊಂಡೇ ಬಂದರು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು, ಆರತಿ ತಟ್ಟೆ ಹಿಡಿದವರ ಹಾಗೆ ಎರಡೂ ಕೈ ಅಡ್ಡ ಮಾಡಿ ಕೂತಿದ್ದರು. ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ನಮ್ಮೂರ ಬಸ್ಸಿಗೆ ಕಾಯುವಾಗ ಗಿಡವನ್ನು ಪಕ್ಕದಲ್ಲಿಟ್ಟು ಚಹಾ ಕುಡಿಯಲು ಕಪ್ಪು ಎತ್ತಿದರು, ಅಷ್ಟೇ. ಹಿಂದಿನಿಂದ ಒಂದು ಆಡು ಬಂದು ಹಣ್ಣನ್ನು ಎಲೆ ಸಮೇತ ಬಾಯಿಗೆ ಹಾಕಿಕೊಂಡಿತು. ಇವರು ಕಪ್ಪು ಎಸೆದು, ಹಾ ಹಾ ಅನ್ನುತ್ತ ಅದರ ಬಾಯಿಗೇ ಕೈ ಹಾಕಿದರು. ಆಡು ನುಂಗಿ, ಇವರನ್ನೊಮ್ಮೆ ನೋಡಿ, ನಡೆದು ಹೋಯಿತು.

ನಾನು ಬೆಂಚಿನ ಮೇಲೆ ಕೂತು ನಗುತ್ತ ಕಣ್ಣೊರೆಸಿಕೊಂಡೆ. "ಹೋಗ್ಲಿ ಬಿಡ್ರಿ, ಆಡಿನ ಬಯಕಿ ತೀರಿತು. ಅದರ ಮರೀದು ಕಿವಿ ಸೋರಂಗಿಲ್ಲ."

ಆದರೆ ನಗುವ ಸರದಿ ಮುಂದೆ ಅವರಿಗೂ ಬಂತು.

ನಾನು ಮದುವೆಯಾಗಿ ಬಂದಾಗ ಈ ಊರಲ್ಲಿ ಜೋಳ ಬಿಟ್ಟರೆ ತೊಗರಿ. ಒಂದು ಕೊಡ ನೀರಿಗಾಗಿ ಬಾವಿಯ ಹತ್ತಿರ ಜಗಳ. ಆಮೇಲೆ ನಾರಾಯಣಪುರದ ಅಣೆಕಟ್ಟೆಯ ನೀರು ಕಾಲುವೆಯಲ್ಲಿ ನಮ್ಮೂರ ತನಕ ಬಂತು. ಆ ದಿನ ಹೆಂಗಸರೆಲ್ಲ ದಂಡೆಯ ಮೇಲೆ ನಿಂತು, ಮುಂದೆ ಕಸ ತಳ್ಳಿಕೊಂಡು ಬರುತ್ತಿದ್ದ ಕೆಂಪು ನೀರಿಗೆ ಅರಿಷಿಣ ಕುಂಕುಮ ಹಾಕಿದ್ದೆವು. ಭತ್ತ ಹಚ್ಚುವುದನ್ನು ನಮಗೆ ಕಲಿಸಿದವರು ಆಂಧ್ರದ ಕಡೆಯಿಂದ ಬಂದು ಕ್ಯಾಂಪು ಹಾಕಿದ ರೈತರ ಮನೆಯ ಹೆಂಗಸರು. ಮೊಣಕಾಲು ಮಟ್ಟದ ಕೆಸರಲ್ಲಿ ಬಾಗಿ, ಸಸಿಯ ಬುಡವನ್ನು ಮೂರು ಬೆರಳಲ್ಲಿ ಹಿಡಿದು, ಹೆಬ್ಬೆರಳಿಂದ ಗಟ್ಟಿಯಾಗಿ ಒತ್ತಿ ಇಳಿಸಬೇಕು. ಒತ್ತದಿದ್ದರೆ ತೇಲಿ ಹೋಗುತ್ತದೆ. ಅಂದಿನಿಂದ ನನ್ನ ಹೆಬ್ಬೆರಳಿಗೆ ಗೊತ್ತಿರುವುದು ಅದೊಂದೇ.

ಇಷ್ಟ್ರಾಗ ಬರ್ರಿ ಗಿಡಗಳನ್ನೂ ಹಾಗೇ ಹಚ್ಚಿದೆ. ಹಿತ್ತಲಿನ ಎರೆಮಣ್ಣಿಗೆ ಕಾಲುವೆಯ ನೀರು ಹೊತ್ತು ಹಾಕಿ, ಕೆಸರು ಮಾಡಿ, ಸೀರೆ ಎತ್ತಿ ಕಟ್ಟಿ, ಬಾಗಿ, ಒಂದೊಂದನ್ನೂ ಹೆಬ್ಬೆರಳಿಂದ ಒತ್ತಿ ಇಳಿಸಿದೆ. ಮೇಲೆ ನೀರು ನಿಲ್ಲಿಸಿದೆ. ಸೊಂಟಕ್ಕೆ ಕೈ ಕೊಟ್ಟು ನಿಂತು ನೋಡಿದರೆ, ಆಹಾ, ಗದ್ದೆಯ ಸಾಲು ಇದ್ದ ಹಾಗೇ ಇತ್ತು.

ವಾರ ಕಳೆಯುವುದರೊಳಗೆ ಎಲೆಗಳು ಜೋತು ಬಿದ್ದವು. ನೀರು ಸಾಲದು ಎಂದುಕೊಂಡು ಇನ್ನಷ್ಟು ಹಾಕಿದೆ. ಸುಳಿ ಕಪ್ಪಾಯಿತು. ಒಂದು ಗಿಡವನ್ನು ಮುಟ್ಟಿದರೆ ತಲೆ ಕೈಗೇ ಬಂತು. ಅದನ್ನು ಹಿಡಿದು ಅಲ್ಲೇ ಕೂತುಬಿಟ್ಟೆ. ಗಿಡ ಹೋದದ್ದಕ್ಕಲ್ಲ. ಹೊಟ್ಟೆಯಲ್ಲಿ ನಿಂತು ಹೋದ ಆ ಎರಡು ನೆನಪಾದವು. ಮಗಳಿಗೆ ಹೇಳಬಾರದೆಂದು ಕೆಟ್ಟ ಗಿಡಗಳನ್ನು ಸೆರಗಲ್ಲಿ ಮುಚ್ಚಿಕೊಂಡು ಒಳಗೆ ಬರುತ್ತಿದ್ದೆ. ಅವಳು ಹಿತ್ತಲ ಬಾಗಿಲಲ್ಲೇ ನಿಂತಿದ್ದಳು.

"ಏನ ಮುಚ್ಚಾಕತ್ತೀ ಯವ್ವಾ? ತೋರಸು."

ನೋಡಿದಳು. ಗೋಡೆ ಹಿಡಿದು ನಿಧಾನವಾಗಿ ಸಾಲಿನ ಹತ್ತಿರ ಹೋಗಿ ಕೂತಳು. ಉಳಿದವುಗಳಲ್ಲಿ ಒಂದು ಗಿಡದ ಸುತ್ತಲಿನ ಕೆಸರನ್ನು ಬೆರಳಿಂದ ಬಿಡಿಸಿದಳು.

"ಇದರ ಕುತ್ತಿಗಿ ತನಕ ಹುಗದೀಯಲ್ಲ ಯವ್ವಾ. ಉಸರು ಹ್ಯಾಂಗ ಆಡಬೇಕು ಇದು?"

ಆಗ ನರ್ಸರಿಯವಳ ಮಾತು ನನ್ನ ಕಿವಿಗೆ ಬಂತು, ಅಷ್ಟು ದಿನ ತಡವಾಗಿ. ಇವರು ಕಟ್ಟೆಯಿಂದ ಎದ್ದು ಬಂದು ನನ್ನ ದನಿಯಲ್ಲೇ, "ನೆಲ್ಲು ಹಚ್ಚಿದ ಕೈ ತಂಗಿ ಇದು!" ಎಂದರು. ನಾನು ಕೈಗೆ ಸಿಕ್ಕ ಕೆಸರಿನ ಉಂಡೆ ಎಸೆದೆ, ತಾಗಲಿಲ್ಲ.

ಆವತ್ತು ಎದ್ದ ಮಗಳು ಮತ್ತೆ ಗೋಡೆ ಕಡೆ ಮುಖ ಮಾಡಿ ಮಲಗಲಿಲ್ಲ. ನನಗೆ ದೇವರು ಕೊಟ್ಟದ್ದು ಅಲ್ಲೇ ಕೊಟ್ಟ ಎಂದು ಈಗ ಅನಿಸುತ್ತದೆ. ಕೂತಲ್ಲೇ ಅವಳು ಹೇಳಿದಳು, ನಾವು ಮಾಡಿದೆವು. ಇವರು ಹಳ್ಳದಿಂದ ಮರಳು ತಂದರು, ನಾನು ಕುರಿಹಟ್ಟಿಯವರ ಮನೆಯಿಂದ ಹಳೆಯ ಹಿಕ್ಕೆಗೊಬ್ಬರ ಕೇಳಿ ತಂದೆ. ಎರೆಮಣ್ಣಿಗೆ ಎರಡನ್ನೂ ಬೆರೆಸಿ ದಿಬ್ಬದಂತೆ ಏರು ಮಾಡಿ, ಬದುಕಿದ್ದ ಅರ್ಧದಷ್ಟು ಗಿಡಗಳನ್ನು ಮೇಲಕ್ಕೆ ಹಚ್ಚಿದೆವು. ಹಚ್ಚಿದ್ದು ಅವಳೇ. ನನ್ನ ಹೆಬ್ಬೆರಳನ್ನು ಹತ್ತಿರ ಬಿಡಲಿಲ್ಲ. ಸುಳಿ ಕಣ್ಣಿಗೆ ಕಾಣಬೇಕು, ಬೇರು ಕಾಣಬಾರದು, ಅಷ್ಟೇ ಅದರ ಲೆಕ್ಕ.

ಬೆಳಿಗ್ಗೆ ಎದ್ದು ಮೊದಲು ಅಲ್ಲಿಗೆ ಹೋಗುವುದು ಅವಳಿಗೆ ರೂಢಿಯಾಯಿತು. ಗಾಳಿಯಲ್ಲಿ ಕೂರುತ್ತಿದ್ದಳು, ಒಗ್ಗರಣೆಯ ವಾಸನೆ ಅಲ್ಲಿಗೆ ಬರುತ್ತಿರಲಿಲ್ಲ. ಒಂದು ದಿನ ಅಲ್ಲೇ ಕೂತವಳಿಗೆ ಇವರು ತಾವು ತಿನ್ನುತ್ತಿದ್ದ ರೊಟ್ಟಿಯ ಚೂರನ್ನು, ಮೇಲೆ ಶೇಂಗಾ ಚಟ್ನಿ ಹಚ್ಚಿ, ಮಾತಾಡುತ್ತ ಮಾತಾಡುತ್ತ ಕೈಗೆ ಕೊಟ್ಟರು. ಅವಳೂ ಮಾತಾಡುತ್ತ ತಿಂದಳು. ನಾನು ಒಲೆಯ ಮುಂದಿನಿಂದ ನೋಡಿದೆ. ಕೂಗಿದರೆ ಎಲ್ಲಿ ನೆನಪಾಗಿ ಕಾರಿಬಿಡುತ್ತಾಳೋ ಎಂದು ಕೈಯಿಂದ ಬಾಯಿ ಮುಚ್ಚಿಕೊಂಡೆ. ಹಂಚಿನ ಮೇಲಿನ ರೊಟ್ಟಿ ಕರಿಯಾಯಿತು. ಆಗಲಿ.

ಚಳಿ ಬಿದ್ದ ಮೇಲೆ ಬಿಳಿ ಹೂ ಬಂದವು. ಹೂವಿನ ಹೊಟ್ಟೆ ಉಬ್ಬಿ ಹಸಿರಾಗಿ, ಬೆಳ್ಳಗಾಗಿ, ಒಂದು ಕೆನ್ನೆ ಕೆಂಪಾಯಿತು. ಕಾಯಿ ಮಣ್ಣಿಗೆ ತಾಗಿ ಕೊಳೆಯಬಾರದೆಂದು ಕೆಳಗೆ ಭತ್ತದ ಹುಲ್ಲು ಹಾಸಿದೆ. ಹೋಗಲಿ, ಭತ್ತ ಅಲ್ಲಾದರೂ ಉಪಯೋಗಕ್ಕೆ ಬಂತು. ಅಳಿಲು ಬರುತ್ತದೆಂದು ಇವರು ಗಿಡಗಳ ಸುತ್ತ ನನ್ನ ಹಳೆಯ ಸೀರೆ ಕಟ್ಟಿ, ಬಡಿಗೆ ಹಿಡಿದು ಪಕ್ಕದಲ್ಲೇ ಮಂಚ ಹಾಕಿಕೊಂಡರು. ದಾರಿಯಲ್ಲಿ ಹೋಗುವವರು, "ಏನ ಕಾಕಾ, ಬಂಗಾರ ಬೆಳದೀರೇನು?" ಎಂದು ಕೇಳಿದರೆ, "ಬಂಗಾರ ಅಳಿಲು ತಿನ್ನಂಗಿಲ್ಲಪಾ" ಎನ್ನುತ್ತಿದ್ದರು.

ಮೊದಲ ಹಣ್ಣನ್ನು ಮಗಳು ಕಿತ್ತಾಗ ನಾವಿಬ್ಬರೂ ಎದುರು ನಿಂತಿದ್ದೆವು. ನಮ್ಮ ಮುಖ ನೋಡಿ ಅವಳಿಗೇ ನಗು. ಕಚ್ಚಿದಳು. ಕಣ್ಣು ಮುಚ್ಚಿದಳು. ಮುಖ ಗಂಟಿಕ್ಕಿದಳು.

"ಹುಳಿ ಅದ."

"ಬ್ಯಾಡೇನವ್ವಾ?" ಎಂದೆ.

"ಇನ್ನೊಂದ ಆಗ್ಯಾದೇನು, ನೋಡು."

ಅದು ಹೊಟ್ಟೆಯಲ್ಲಿ ನಿಂತಿತು. ಮರುದಿನದ್ದೂ ನಿಂತಿತು. ಡಾಕ್ಟರಮ್ಮ ತೂಕದ ಯಂತ್ರದ ಮುಳ್ಳು ನೋಡಿ, "ಅಡ್ಡಿಯಿಲ್ಲ, ಏನ ತಿನ್ನಸಾಕತ್ತೀರಿ?" ಎಂದು ಕೇಳಿದರು. ಇವರು ಎದೆ ಉಬ್ಬಿಸಿ, "ಇಷ್ಟ್ರಾಗ ಬರ್ರಿ" ಎಂದರು. ಅವರು, "ಯಾಕ್ರೀ, ಮುಂದಿನ ತಿಂಗಳ ಬಂದ್ರ ಸಾಕು" ಎಂದು ಚೀಟಿ ಬರೆದು ಕೊಟ್ಟರು.

ಏಳನೆಯ ತಿಂಗಳಲ್ಲಿ ಎಲ್ಲರನ್ನೂ ಕರೆದು ಕುಬಸ ಮಾಡಿದೆವು. ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಉತ್ತತ್ತಿಯ ಜೊತೆ ಆ ದಿನ ಹಣ್ಣಾದವನ್ನೂ ಒಂದು ಬೊಗಸೆ ಇಟ್ಟೆ. ಹೆಂಗಸರೆಲ್ಲ ಮುಗಿಬಿದ್ದು ಹೆಸರು ಕೇಳಿದರು, ನಾನು ನಾವು ಮನೆಯಲ್ಲಿ ಕರೆಯುವ ಹೆಸರೇ ಹೇಳಿದೆ. ಓಣಿಯ ಹಿರಿಯಜ್ಜಿ ಒಬ್ಬಳು ಮಗಳ ಹೊಟ್ಟೆಯ ಮೇಲೆ ಕೈಯಿಟ್ಟು ಪ್ರೀತಿಯಿಂದ, "ಇಷ್ಟ್ರಾಗ ಬಾರವ್ವಾ, ಇಷ್ಟ್ರಾಗ ಬಾ" ಎಂದಳು.

ಮಗಳ ಮುಖ ಬಿಳಿಚಿತು. ಹಿಂದಿನ ಎರಡೂ ಇಷ್ಟ್ರಾಗ ಬಂದವೇ, ಎಲ್ಲರಿಗೂ ಗೊತ್ತು. ಅಜ್ಜಿಗೂ ತಿಳಿದು ನಾಲಿಗೆ ಕಚ್ಚಿಕೊಂಡಳು.

ಹೊರಗೆ ಗಂಡಸರ ನಡುವೆ ಕೂತಿದ್ದ ಇವರಿಗೆ ಅದು ಹೇಗೆ ಕೇಳಿಸಿತೋ. ಬಾಗಿಲಿಗೆ ಬಂದು ನಿಂತು, ಹೆಂಗಸರ ಸಭೆಯೆಂದು ನಾಚದೆ ದೊಡ್ಡ ದನಿಯಲ್ಲಿ ಹೇಳಿದರು.

"ಏ, ಗಿಡದ ಹೆಸರ ಇವತ್ತಿಂದ ಬದಲಿ ಆಗ್ಯಾದ. ಯಾರೂ ಹಳೇ ಹೆಸರ ಹಿಡಿಯಬ್ಯಾಡ್ರಿ. ಅದು ಸಾವಕಾಶ ಬರ್ರಿ ಗಿಡ!"

ಮೊದಲು ನಕ್ಕಿದ್ದು ಮಗಳೇ. ಆಮೇಲೆ ಹಿರಿಯಜ್ಜಿ ಮತ್ತೊಮ್ಮೆ ಹೊಟ್ಟೆಯ ಮೇಲೆ ಕೈಯಿಟ್ಟು, "ಸಾವಕಾಶ ಬಾ ನನ್ನವ್ವಾ, ತಿಂಗಳ ತುಂಬಿಸ್ಕೊಂಡ ಬಾ" ಎಂದು ತಿದ್ದಿ ಹರಸಿದಳು. ಅಂದಿನಿಂದ ಓಣಿಯಲ್ಲಿ ಅದೇ ಹೆಸರು. ಯಾರಾದರೂ ಮರೆತು ಹಳೆಯದನ್ನು ಅಂದರೆ ಬಾಯಿಗೆ ಬಡಿದುಕೊಂಡು ಮತ್ತೆ ಹೇಳುತ್ತಿದ್ದರು. ನನ್ನ ಮಗಳಿಗಾಗಿ ಊರ ಮಂದಿ ಒಂದು ಮಾತನ್ನೇ ಬದಲಿಸಿಕೊಂಡರು. ಅವರ ಋಣ ನಾನು ಯಾವ ಜನ್ಮಕ್ಕೆ ತೀರಿಸಲಿ?

ಕೂಸು ಸಾವಕಾಶವೇ ಬಂತು. ತಿಂಗಳು ತುಂಬಿತು, ಡಾಕ್ಟರಮ್ಮ ಹೇಳಿದ ದಿನವೂ ದಾಟಿತು. ಶಹಾಪುರದ ಆಸ್ಪತ್ರೆಯ ಹೊರಗೆ, ಮಧ್ಯಾಹ್ನದ ಬಿಸಿಲಲ್ಲಿ ಅಳಿಯ ಒಂದು ಕಡೆ, ಇವರು ಒಂದು ಕಡೆ ನಡೆದಾಡುತ್ತಿದ್ದರು. ಒಳಗಿನಿಂದ ಮಗಳ ನರಳಾಟ ಕೇಳಿಸುತ್ತಿತ್ತು. ಇವರು ಬಾಗಿಲಿಗೆ ಹಣೆ ಹಚ್ಚಿ, ಯಾರಿಗೂ ಕೇಳದಂತೆ ಹೇಳುತ್ತಿದ್ದುದು ನನಗೆ ಕೇಳಿಸಿತು.

"ಈಗ ಬಾ ತಾಯಿ. ಸಾಕಾತು ಸಾವಕಾಶ. ಇಷ್ಟ್ರಾಗ ಬಾ."

ಅವಳು ಬಂದಳು. ಅತ್ತಳು ನೋಡಿ, ಯಾದಗಿರಿ ತನಕ ಕೇಳಿಸಬೇಕು ಹಾಗೆ. ನರ್ಸಮ್ಮ ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಾಗ ನಾನು ಮೂಗು ಕಣ್ಣು ನೋಡಲಿಲ್ಲ. ಮೊದಲು ನೋಡಿದ್ದು ಕಿವಿ.

ಈಗ ಬಿಸಿಲು ಏರಿದೆ. ಹಿತ್ತಲಿನ ತಾಯಿಗಿಡಗಳು ಬಾಡುತ್ತಿವೆ. ಆದರೆ ಹೋಗುವ ಮೊದಲು ಒಂದೊಂದೂ ಉದ್ದ ಬಳ್ಳಿ ಬಿಟ್ಟು, ಬಳ್ಳಿಯ ತುದಿಯಲ್ಲಿ ಒಂದೊಂದು ಮರಿಗಿಡ ಕೂರಿಸಿದೆ. ನೀರಿನ ಗಡಿಗೆಗಳ ನೆರಳಲ್ಲಿ, ಎಣ್ಣೆಯ ಹಳೆ ಡಬ್ಬಿಗಳಿಗೆ ಮರಳು ಗೊಬ್ಬರ ತುಂಬಿ ಅವನ್ನು ಹಚ್ಚುತ್ತಿದ್ದೇನೆ. ಮುಂದಿನ ಚಳಿಗೆ ಯಾವ ಮನೆಯಲ್ಲಿ ಯಾರಿಗೆ ಬಯಕೆ ಎದ್ದರೂ ಆಡಿನ ಬಾಯಿಯಿಂದ ಕಸಿಯುವುದು ಬೇಡ. ಹಚ್ಚುವಾಗ ಹೆಬ್ಬೆರಳು ಈಗಲೂ ಒತ್ತಲು ಮುಂದೆ ಬರುತ್ತದೆ. ಅದನ್ನು ಅಂಗೈಯೊಳಗೆ ಮಡಚಿಟ್ಟುಕೊಂಡು, ಉಳಿದ ಬೆರಳಲ್ಲೇ ಮಣ್ಣು ಸರಿಸುತ್ತೇನೆ.

ಇವತ್ತು ಬೆಳಿಗ್ಗೆಯೂ ಮೊಮ್ಮಗಳಿಗೆ ಎರೆದು, ಬೆಳಕಿಗೆ ಹಿಡಿದು, ಎರಡೂ ಕಿವಿ ನೋಡಿದೆ. ಒಣಗಿವೆ, ಚೊಕ್ಕ ಇವೆ. ಹೊಸಿಲ ಮೇಲೆ ಕೂತಿದ್ದ ಇವರು ನಕ್ಕರು.

"ದಿನಾ ನೋಡ್ತೀಯಲ್ಲ, ಅಂಗನವಾಡಿಗೆ ಹೋಗೂತನಾ ಹಿಂಗ ನೋಡಾಕಿಯೇನು?"

"ನೋಡ್ತೀನ್ರಿ," ಎಂದೆ. "ನನಗೇನ ಅವಸರ?"